ಕಾವಲುಗಾರನ ಕಣ್ಣಿನ ಎತ್ತರ

ಹಲ್ಲಿ ಕಂಬದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಹೊರಬಾಗಿಲಿಗೆ ಹನ್ನೆರಡು ಹೆಜ್ಜೆ. ನಡುವೆ ಬರೀ ನೆಲ, ಒಂದು ಬಾವಿ, ಬಿಲ್ಲು ಹಿಡಿದ ಇಬ್ಬರು ಕಾವಲುಗಾರರು. ಹಿಂದಿನ ಅಂಗಳದಲ್ಲಿ ನಾಯಿ ಬಿಟ್ಟಾಗಿತ್ತು, ಹಾಗಾಗಿ ಅಲ್ಲೇ ನಿಲ್ಲುವಂತೆಯೂ ಇರಲಿಲ್ಲ. ಅವಳ ಅಂಗಿಯೊಳಗೆ ಕೋಟೆಯ ನಕ್ಷೆಯಿತ್ತು. ಅದನ್ನು ಕದಿಯಲು ನಮಗೆ ಏಳು ಶನಿವಾರ ಹಿಡಿದಿತ್ತು.

“ಬಾಗಿಲಿಗೆ ನುಗ್ತೀನಿ, ಸದ್ದಿಲ್ದೆ” ಎಂದಳು ನನ್ನ ತಂಗಿ.

“ನುಗ್ಗೋದು. ಸದ್ದಿಲ್ದೆ” ಎಂದರು ಔಷಧಿ ಅಂಗಡಿಯವರು, ಎರಡು ಮಾತನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟು ತೂಗುವವರಂತೆ. “ಪುಟ ಹದಿನಾಲ್ಕು ನೋಡ್ಬೇಕಾಗುತ್ತೆ, ಮೇಡಂ.”

ಹಲ್ಲಿ ಎಂದರೆ ಹಳೆಯ ಸ್ವೆಟರಿನಿಂದ ಕಿತ್ತ ಒಂದು ಹಸಿರು ಗುಂಡಿ. ಒಂಬತ್ತು ವರ್ಷದಿಂದ ನಾವು ನಾಲ್ಕು ಜನ ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಮನೆಯ ಊಟದ ಮೇಜಿನ ಸುತ್ತ ಕೂತು ಪಾತ್ರಗಳ ಆಟ ಆಡುತ್ತೇವೆ. ಮೇಜಿನ ಮೇಲೆ ಚೌಕುಳಿ ಹಾಳೆ, ಅದರ ಮೇಲೆ ಗೋಡೆ ಬಾಗಿಲುಗಳ ಗೆರೆ, ಗೆರೆಗಳ ನಡುವೆ ಗುಂಡಿಗಳು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ತಮ್ಮ ಪಾತ್ರ ಏನು ಮಾಡುತ್ತದೆಂದು ಅವರು ಬಾಯಲ್ಲಿ ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ದಾಳಕ್ಕೆ ಬಿಡಲಾಗದ್ದನ್ನು ನಾನು ಹೇಳುತ್ತೇನೆ. ಕಥೆ ನಡೆಸುವವಳು ನಾನು. ಕಾವಲುಗಾರರು, ನಾಯಿಗಳು, ಗಾಳಿ, ಬೆಳಕು ಎಲ್ಲ ನನ್ನ ಪಾಲು.

ತಂಗಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಮೊದಲ ಶನಿವಾರದಿಂದಲೂ ಅವಳು ಹಲ್ಲಿಯೇ. ಗೋಡೆ ಹತ್ತುವ, ಬೆರಳಿನಷ್ಟು ಸಂದಿಯಲ್ಲಿ ನುಸುಳುವ, ಯಾರನ್ನೂ ಕೊಲ್ಲದ ಕಳ್ಳಿ. ಔಷಧಿ ಅಂಗಡಿಯವರು ಪಕ್ಕದ ಬೀದಿಯವರು. ಅವರ ಪಾತ್ರ ಗಾಯಕ್ಕೆ ಮದ್ದು ಹಚ್ಚುವ, ಮುಲಾಮು ಎಂಬ ವೈದ್ಯ. ನಿಯಮದ ಪುಸ್ತಕವನ್ನು ಅವರು ಮಾತ್ರೆಯ ಡಬ್ಬಿಯೊಳಗಿನ ಚೀಟಿಯಂತೆ ಓದುತ್ತಾರೆ, ಒಂದು ಸಾಲನ್ನೂ ಬಿಡದೆ. ನಾಲ್ಕನೆಯವರು ನಮ್ಮ ಸೋದರಮಾವ. ಬೀಗ ರಿಪೇರಿಯ ಅಂಗಡಿ ಅವರದು. ಅವರ ಪಾತ್ರ ತಗಡು ಎಂಬ ಯೋಧ. ತಲೆಯಿಂದ ಕಾಲಿನವರೆಗೆ ಕಬ್ಬಿಣ, ಎಲ್ಲಿ ಹೋದರೂ ಸದ್ದು. ಮೂರು ಬೀದಿ ಆಚೆಗೇ ಶತ್ರುವಿಗೆ ಗೊತ್ತಾಗಬೇಕು ತಗಡು ಬಂದ ಎಂದು. ಮಾವ ಬೇಕೆಂದೇ ಅಂಥ ಪಾತ್ರ ಮಾಡಿಕೊಂಡಿದ್ದರು. ಯಾಕೆ ಎಂಬುದು ಪುಟ ಹದಿನಾಲ್ಕರಲ್ಲಿತ್ತು.

ನಮ್ಮಲ್ಲಿ ಒಂದು ತೀರ್ಪಿನ ನೋಟುಬುಕ್ಕಿದೆ. ಪುಸ್ತಕದ ನಿಯಮ ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೋ ಅಲ್ಲಿ ನಾನು ಕೊಟ್ಟ ತೀರ್ಪನ್ನು ತಾರೀಖು ಹಾಕಿ ಅದರಲ್ಲಿ ಬರೆಯುತ್ತೇನೆ. ಒಮ್ಮೆ ಬರೆದದ್ದು ಮುಂದೆ ಎಲ್ಲರಿಗೂ ಅನ್ವಯ. ಅಡಗುವ ವಿಚಾರದಲ್ಲಿ ಪುಸ್ತಕ ಎರಡು ಮಾತು ಹೇಳುತ್ತದೆ. ಮರೆಯಿಲ್ಲದ ಕಡೆ ಅಡಗಲು ಆಗುವುದಿಲ್ಲ ಎಂಬುದು ಒಂದು. ಒಮ್ಮೆ ಅಡಗಿದವರು ಎದುರಾಳಿಗೆ ಪತ್ತೆಯಾಗುವವರೆಗೆ ಅಡಗಿಯೇ ಇರುತ್ತಾರೆ ಎಂಬುದು ಇನ್ನೊಂದು. ಒಂದು ಮರೆಯಿಂದ ಇನ್ನೊಂದು ಮರೆಗೆ ದಾಟುವಾಗಿನ ಆ ನಾಲ್ಕು ಹೆಜ್ಜೆಗೆ ಏನು ಗತಿ ಎಂಬುದನ್ನು ಪುಸ್ತಕ ಹೇಳುವುದೇ ಇಲ್ಲ.

ಆರು ವರ್ಷದ ಹಿಂದೆ ನಾನು ಹೇಳಿದ್ದೆ. ಆಗ ಮಾವನ ಪಾತ್ರ ಬೂದಿ ಎಂಬ ಗೂಢಚಾರ. ಒಂದು ಉಗ್ರಾಣದಲ್ಲಿ ಮೂಟೆಗಳ ಹಿಂದೆ ಅಡಗಿದ್ದವನು ಎದುರಿನ ಮೆಟ್ಟಿಲಿಗೆ ದಾಟಲು ಹೊರಟ. ಮರೆ ಬಿಟ್ಟ ಕ್ಷಣವೇ ಅಡಗಿದ್ದು ಮುಗಿಯಿತು, ದಾಳದ ಪ್ರಶ್ನೆಯೇ ಇಲ್ಲ ಎಂದು ತೀರ್ಪು ಕೊಟ್ಟು ನೋಟುಬುಕ್ಕಿನ ಪುಟ ಹದಿನಾಲ್ಕರಲ್ಲಿ ಬರೆದೆ. ಕಾವಲುಗಾರ ಈಟಿ ಎಸೆದ. ನಮ್ಮಲ್ಲಿ ಸತ್ತ ಪಾತ್ರ ಸತ್ತ ಹಾಗೆಯೇ, ಮಂತ್ರ ಹಾಕಿ ಎಬ್ಬಿಸುವಂತಿಲ್ಲ. ಮಾವ ಮೂರು ತಿಂಗಳು ಇತ್ತ ತಲೆ ಹಾಕಲಿಲ್ಲ. ಆಮೇಲೆ ಬಂದಾಗ ತಗಡನ್ನು ಕರೆದುಕೊಂಡು ಬಂದರು. ಅಂದಿನಿಂದ ಇಂದಿನವರೆಗೆ ಅವರು ಯಾವ ಮೂಟೆಯ ಹಿಂದೆಯೂ ನಿಂತಿಲ್ಲ.

ಅದೇ ಸಾಲನ್ನು ಔಷಧಿ ಅಂಗಡಿಯವರು ಈಗ ಗಟ್ಟಿಯಾಗಿ ಓದಿದರು. ಓದಿ ಮುಗಿಸಿದ ಮೇಲೆ ಯಾರೂ ಲೆಕ್ಕ ಹಾಕಬೇಕಾಗಿರಲಿಲ್ಲ. ಹಲ್ಲಿಗೆ ಉಳಿದಿದ್ದ ಜೀವ ಮೂರು ಅಂಕ. ಎರಡು ಬಾಣದಲ್ಲಿ ಒಂದು ತಗುಲಿದರೆ ಸಾಕು. ಒಂಬತ್ತು ವರ್ಷದ ಹಲ್ಲಿ.

ತಂಗಿ ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ. ಮರೆ ಬಿಡುವುದು ಒಂದು, ಕಣ್ಣಿಗೆ ಬೀಳುವುದು ಇನ್ನೊಂದು ಎಂದು ವಾದಿಸಿದಳು. ಆ ತೀರ್ಪು ತಪ್ಪು ಎಂದು ನನಗೂ ಒಳಗೊಳಗೆ ಅನ್ನಿಸಿತು. ಆದರೆ ಅನ್ನಿಸಿದ್ದು ಆ ಕ್ಷಣದಲ್ಲಿ, ಆ ಗುಂಡಿಯ ಮುಂದೆ. ಅದನ್ನು ನಾನು ನಂಬಲಿಲ್ಲ.

ಮಾವ ಅಷ್ಟು ಹೊತ್ತೂ ಬಿಸ್ಕತ್ತು ತಿನ್ನುತ್ತಿದ್ದರು. ಅಂಗೈ ಝಾಡಿಸಿಕೊಂಡು ಹೇಳಿದರು: “ನನ್ನ ಬೂದಿ ಸತ್ತಿದ್ದು ಇದೇ ಸಾಲಿಗೆ. ಈಗ ಒಡಹುಟ್ಟಿದವಳ ಸರದಿ ಬಂತು ಅಂತ ಸಾಲು ಬಗ್ಗುತ್ತೋ, ನೋಡೋಣ.”

“ನನಗೋಸ್ಕರ ಬಗ್ಗಿಸಿದ್ರೆ, ಅಕ್ಕ, ಹಲ್ಲೀನ ನಾನೇ ಆ ಬಾವಿಗೆ ಎಸೆದು ಎದ್ದು ಹೋಗ್ತೀನಿ” ಎಂದಳು ತಂಗಿ. “ಅವಳು ಬದುಕಿದ್ರೆ ನಿಯಮಕ್ಕೆ ಬದುಕ್ಬೇಕು. ನಿನ್ನ ಕನಿಕರಕ್ಕಲ್ಲ.”

ಲೋಟದ ಟೀ ತಣ್ಣಗಾಗುವಷ್ಟರಲ್ಲಿ ತೀರ್ಮಾನವಾಗದಿದ್ದರೆ ಆಟ ಅಲ್ಲಿಗೇ ನಿಲ್ಲಬೇಕು, ಮುಂದಿನ ಶನಿವಾರ ನಾನು ಲಿಖಿತ ತೀರ್ಪು ತರಬೇಕು. ಇದೂ ನಮ್ಮದೇ ಪದ್ಧತಿ. ನಾನು ಲೋಟಕ್ಕೆ ಬೆರಳು ತಾಗಿಸಿ ನೋಡಿದೆ. ತಣ್ಣಗಾಗಿತ್ತು. ಗುಂಡಿಗಳು ಇದ್ದಲ್ಲೇ ಇರುವಂತೆ ಹಾಳೆಯ ಮೇಲೆ ದೊಡ್ಡ ಬುಟ್ಟಿ ಮಗುಚಿದೆ. ಒಂದು ವಾರ ನಾವು ಮೇಜಿನ ಒಂದು ಮೂಲೆಯಲ್ಲಿ ಊಟ ಮಾಡಿದೆವು.

ನನ್ನ ಕೆಲಸ ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಕಾರ್ಖಾನೆ, ಆಸ್ಪತ್ರೆ, ಬೇಕರಿಗಳಿಂದ ಥರ್ಮಾಮೀಟರು, ತೂಕದ ಬಟ್ಟು, ಒತ್ತಡಮಾಪಕ ಬರುತ್ತವೆ. ನಮ್ಮ ಮಾದರಿಗೆ ಅವನ್ನು ಹೋಲಿಸಿ ಎಷ್ಟು ತಪ್ಪು ತೋರಿಸುತ್ತವೆ ಎಂದು ಬರೆದು ಕಳಿಸುತ್ತೇವೆ. ಇಪ್ಪತ್ತೊಂದು ವರ್ಷದ ಈ ಕೆಲಸ ನನಗೆ ಒಂದು ಧೈರ್ಯ ಕೊಟ್ಟಿದೆ: ಜಗಳ ಯಾವುದೇ ಇರಲಿ, ಅದರಲ್ಲಿ ಅಳೆಯಬಹುದಾದ ಒಂದು ತುಂಡು ಇದ್ದೇ ಇರುತ್ತದೆ. ಆ ತುಂಡನ್ನು ಹುಡುಕಿ ಅಳೆದುಬಿಟ್ಟರೆ ಉಳಿದದ್ದು ಅರ್ಧ ಇಳಿಯುತ್ತದೆ.

ಸೋಮವಾರ ಸಹೋದ್ಯೋಗಿಯನ್ನು ನೋಡುತ್ತಿದ್ದಾಗ ಆ ತುಂಡು ಸಿಕ್ಕಿತು. ಆತ ನಮ್ಮಲ್ಲೇ ಎತ್ತರದ ಮನುಷ್ಯ. ಬೆನ್ನ ಹಿಂದೆ ಎಲ್ಲರೂ ಒಂಟೆ ಎನ್ನುತ್ತಾರೆ, ಆತನಿಗೂ ಗೊತ್ತು. ನೀರಿನ ತೊಟ್ಟಿಯಲ್ಲಿಟ್ಟ ಥರ್ಮಾಮೀಟರನ್ನು ಅರ್ಧ ನಿಮಿಷಕ್ಕೊಮ್ಮೆ ಓದಿ ಬರೆಯುವುದು ಆ ವಾರದ ಆತನ ಕೆಲಸ. ತೊಟ್ಟಿಯಿಂದ ನಾಲ್ಕು ಹೆಜ್ಜೆ ಆಚೆಗೆ ಉಗ್ರಾಣಕ್ಕೆ ಹೋಗುವ ದಾರಿ. ಮರೆ ಎಂಬುದು ಅಲ್ಲಿ ಏನೂ ಇಲ್ಲ. ಅಂದರೆ ನನ್ನೆದುರು ಒಬ್ಬ ಕಾವಲುಗಾರ, ಒಂದು ಬಯಲು ನೆಲ, ಎರಡು ಬಾಗಿಲು.

ನೆಲ ಒರೆಸುವ ಸಾಮಾನಿನ ಕೋಣೆಯಿಂದ ಕೆಂಪು ಬಕೆಟ್ಟು ತಂದೆ. ಅದನ್ನು ಹಿಡಿದು ಮಾಮೂಲಿ ಹೆಜ್ಜೆಯಲ್ಲಿ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ದಾಟಿದೆ. ಹನ್ನೊಂದು ಸಲ, ಊಟದ ಹೊತ್ತಿನೊಳಗೆ. ಆಮೇಲೆ, ಬಕೆಟ್ಟು ಹಿಡಿದುಕೊಂಡು ಎಷ್ಟು ಸಲ ಹೋದೆ ಎಂದು ಆತನನ್ನೇ ಕೇಳಿದೆ.

“ಬಕೆಟ್ಟಾ?” ಎಂದ ಆತ ಪೆನ್ನಿನ ತುದಿ ಕಚ್ಚಿ. “ಎರಡು ಸಲ ಇರ್ಬೇಕು. ಯಾಕೆ, ಎಲ್ಲಾದ್ರೂ ಸೋರ್ತಿದ್ಯಾ?”

ಮಂಗಳವಾರ ವಿಷಯ ತಿಳಿಸಿ, ಥರ್ಮಾಮೀಟರು ಬಿಟ್ಟು ದಾರಿಯನ್ನೇ ನೋಡುತ್ತಿರು, ನಾನು ಕಂಡಾಗ ಕೈಯೆತ್ತು ಎಂದೆ. ಹತ್ತು ಸಲ ದಾಟಿದೆ, ಹತ್ತು ಸಲ ಕೈ ಮೇಲೆ ಹೋಯಿತು. ಹತ್ತನೆಯ ಸಲ ಆತ ಎರಡೂ ಕೈ ಎತ್ತಿ ಶರಣಾದ. ಒಬ್ಬನೇ ಮನುಷ್ಯ, ಅವನಿಗೆ ನನ್ನ ಓಡಾಟ ಹಳತು. ಇದನ್ನು ಪುರಾವೆ ಎನ್ನಲಾರೆ, ಸುಳಿವು ಎನ್ನಬಲ್ಲೆ. ಆದರೂ ಹನ್ನೊಂದರಲ್ಲಿ ಎರಡಕ್ಕೂ ಹತ್ತರಲ್ಲಿ ಹತ್ತಕ್ಕೂ ಇರುವ ಅಂತರ ಸಣ್ಣದಲ್ಲ. ಮರೆ ಎರಡು ದಿನವೂ ಒಂದೇ, ಅಂದರೆ ಇರಲೇ ಇಲ್ಲ. ಬದಲಾದದ್ದು ಕಾವಲಿನವನ ಗಮನ ಎಲ್ಲಿತ್ತು ಎಂಬುದೊಂದೇ.

ಹಾಗಾದರೆ ಆರು ವರ್ಷದ ಹಿಂದೆ ಇಷ್ಟು ಸಾದಾ ವಿಷಯ ನನಗೆ ಯಾಕೆ ಹೊಳೆಯಲಿಲ್ಲ? ತಪ್ಪು ಸಿಕ್ಕರೆ ಸಾಲದು, ಅದು ಎಲ್ಲಿಂದ ಒಳಗೆ ಬಂತು ಎಂದು ತಿಳಿಯಬೇಕು. ಬುಧವಾರವಿಡೀ ಅದೇ ಕೊರೆಯಿತು. ಗುರುವಾರ ಮತ್ತೆ ಬಕೆಟ್ಟು ಹಿಡಿದು ಹೊರಟಿದ್ದೆ, ಈ ಸಲ ನಿಜಕ್ಕೂ ನೀರು ಚೆಲ್ಲಿತ್ತು. ಒಂಟೆ ತೊಟ್ಟಿಯ ಮುಂದೆ ಮಂಡಿ ಬಗ್ಗಿಸಿ, ಅಷ್ಟು ಉದ್ದದ ಮೈಯನ್ನು ಮೂರಾಗಿ ಮಡಚಿ, ಕಣ್ಣನ್ನು ಪಾದರಸದ ತುದಿಗೆ ನೇರ ತಂದು ಓದುತ್ತಿದ್ದ. ನಾನು ಬಕೆಟ್ಟನ್ನು ನೆಲಕ್ಕಿಟ್ಟೆ.

ನಮ್ಮಲ್ಲಿ ಹೊಸಬರಿಗೆ ಕಲಿಸುವ ಮೊದಲ ಪಾಠ ಅದು. ಗೆರೆಯನ್ನು ಮೇಲಿನಿಂದ ನೋಡಿದರೆ ಒಂದು ಅಂಕಿ, ಕೆಳಗಿನಿಂದ ನೋಡಿದರೆ ಇನ್ನೊಂದು. ಉಪಕರಣ ಸರಿ ಇರುತ್ತದೆ, ಕಣ್ಣು ನಿಂತ ಜಾಗ ತಪ್ಪಿರುತ್ತದೆ. ಎಷ್ಟು ಜನರಿಗೆ ನಾನೇ ಹೇಳಿದ್ದೇನೆ, ಬಗ್ಗಿ ನೋಡಿ, ಬಗ್ಗಿ ನೋಡಿ ಎಂದು.

ಆ ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಊಟದ ಮೇಜಿನ ಮುಂದೆ ಮಂಡಿಯೂರಿ, ಬುಟ್ಟಿ ಎತ್ತಿ, ಗಲ್ಲವನ್ನು ಮೇಜಿನ ಅಂಚಿಗೆ ಊರಿದೆ. ಬಾವಿಯ ಪಕ್ಕದ ಕಾವಲುಗಾರನ ಗುಂಡಿಯ ಹಿಂದಕ್ಕೆ ಕಣ್ಣು ತಂದೆ. ಹಲ್ಲಿಯ ಹಸಿರು ಗುಂಡಿ ಎಲ್ಲಿದೆ ಎಂದು ಹುಡುಕಬೇಕಾಯಿತು. ಒಂಬತ್ತು ವರ್ಷದಿಂದ ನಾವು ನಾಲ್ವರೂ ಆ ಕೋಟೆಗಳನ್ನೆಲ್ಲ ಚಾವಣಿಯ ದೀಪದ ಜಾಗದಿಂದ ನೋಡುತ್ತಿದ್ದೆವು. ಬೂದಿ ಮೂಟೆಯಿಂದ ಹೊರಬಂದಾಗ ನಮ್ಮ ಎಂಟೂ ಕಣ್ಣು ಅವನ ಮೇಲೆ ಬಿದ್ದವು, ಅವನು ಬಯಲಾದ ಎಂದು ನಾನು ಬರೆದುಬಿಟ್ಟೆ. ಉಗ್ರಾಣದ ಕಾವಲುಗಾರನಿಗೆ ಎರಡೇ ಕಣ್ಣಿದ್ದವು. ಅವು ಎತ್ತ ತಿರುಗಿದ್ದವು ಎಂದು ನಾನು ಕೇಳಲೇ ಇಲ್ಲ.

ತೀರ್ಪು ಬರೆಯಲು ಹತ್ತು ನಿಮಿಷವೂ ಬೇಡವಾಯಿತು. ಮರೆಯಿಂದ ಮರೆಗೆ ಒಂದೇ ಓಟದಲ್ಲಿ ದಾಟುವವರ ವಿಚಾರದಲ್ಲಿ ಮೊದಲು ಕೇಳಬೇಕಾದದ್ದು, ಪ್ರತಿ ಕಾವಲುಗಾರನ ಗಮನ ಎಲ್ಲಿದೆ ಎಂದು. ಅದನ್ನು ನಾನು ಮನಸ್ಸಿಗೆ ಬಂದಂತೆ ಹೇಳಕೂಡದು, ದಾಳ ಹೇಳಬೇಕು: ಹತ್ತರವರೆಗೆ ಬಿದ್ದರೆ ಅವನು ಬೇರೆ ಕೆಲಸದಲ್ಲಿದ್ದಾನೆ, ಅದಕ್ಕಿಂತ ಹೆಚ್ಚು ಬಿದ್ದರೆ ದಾಟುವ ದಾರಿಯನ್ನೇ ನೋಡುತ್ತಿದ್ದಾನೆ. ನೋಡುತ್ತಿದ್ದರೆ ದಾಟುವವರು ಕಂಡೇ ಕಾಣುತ್ತಾರೆ. ಬೇರೆ ಕೆಲಸದಲ್ಲಿದ್ದರೆ ಮಾತ್ರ ದಾಟುವವರು ದಾಳ ಹಾಕಬಹುದು. ಹನ್ನೆರಡು ಅಥವಾ ಮೇಲೆ ಬಿದ್ದರೆ ಅಡಗಿಯೇ ಇರುತ್ತಾರೆ.

ಇದರಿಂದ ಹಲ್ಲಿ ಉಳಿಯುತ್ತಾಳೆ ಎಂದೇನೂ ಇರಲಿಲ್ಲ. ಲೆಕ್ಕ ಹಾಕಿದೆ. ಇಬ್ಬರೂ ಬೇರೆ ಕೆಲಸದಲ್ಲಿರುವ ಸಂಭವ ನಾಲ್ಕರಲ್ಲಿ ಒಂದು, ಆಮೇಲೂ ಅವಳ ದಾಳ ಬೀಳಬೇಕು. ನೂರು ಸಲ ಓಡಿದರೆ ಹನ್ನೊಂದು ಸಲ ಕಣ್ಣು ತಪ್ಪಿಸಿ ದಾಟುತ್ತಾಳೆ. ಆ ಅಂಕಿ ಕಡಿಮೆಯಿದೆ ಎಂದು ನಿಯಮ ತಿದ್ದುವ ಆಸೆಯಾಯಿತು. ಆಸೆಯಾದದ್ದರಿಂದಲೇ ತಿದ್ದಲಿಲ್ಲ.

ಇನ್ನೊಂದು ಕೆಲಸ ಉಳಿದಿತ್ತು. ಪ್ರಯೋಗಾಲಯದಲ್ಲಿ ನಮ್ಮ ಮಾದರಿಯೇ ತಪ್ಪಿತ್ತು ಎಂದು ಗೊತ್ತಾದರೆ, ಅದಕ್ಕೆ ಹೋಲಿಸಿ ಯಾರಿಗೆಲ್ಲ ಪ್ರಮಾಣಪತ್ರ ಕೊಟ್ಟಿದ್ದೆವೋ ಅವರಿಗೆಲ್ಲ ಪತ್ರ ಬರೆಯಬೇಕು. ಮೂರು ವರ್ಷದ ಹಿಂದೆ ಒಂದು ಬಟ್ಟು ಸವೆದಿದೆಯೆಂದು ತಿಳಿದಾಗ ನಲವತ್ತೊಂದು ಪತ್ರ ಬರೆದಿದ್ದೆ. ಬಹಳ ಜನ ಉತ್ತರಿಸಲೂ ಇಲ್ಲ. ಆದರೂ ಬರೆಯಬೇಕು. ಪುಟ ಹದಿನಾಲ್ಕರಿಂದ ಪೆಟ್ಟು ತಿಂದವರು ಯಾರು ಎಂದು ನೋಟುಬುಕ್ಕು ಮಗುಚಿ ನೋಡಿದೆ. ಒಬ್ಬರೇ.

ಶುಕ್ರವಾರ ಕೆಲಸ ಮುಗಿಸಿ ನೇರ ಬೀಗದ ಅಂಗಡಿಗೆ ಹೋದೆ. ಒಂದು ಮಂಚದಗಲದ ಜಾಗ, ಮೂರು ಗೋಡೆಗೂ ಕೀಲಿಗಳು. ಮಾವ ಇಕ್ಕಳದಲ್ಲಿ ಕೀಲಿ ಕಚ್ಚಿಸಿ ಅರದಿಂದ ಉಜ್ಜುತ್ತಿದ್ದರು. ನಾನು ಪತ್ರ ಕೊಟ್ಟೆ. ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ಓದಿದರು. ಇಂಥ ತಾರೀಖಿನ ತೀರ್ಪು ತಪ್ಪು, ತಪ್ಪು ನನ್ನದು, ಅಂದಿನ ಟಿಪ್ಪಣಿಯ ಪ್ರಕಾರ ಆ ಹೊತ್ತಿಗೆ ಕಾವಲುಗಾರ ದೀಪದ ಬತ್ತಿ ಸರಿಮಾಡುತ್ತಿದ್ದ, ಆದ್ದರಿಂದ ಬೂದಿಗೆ ಒಂದು ದಾಳ ಸಲ್ಲಬೇಕಿತ್ತು ಎಂದು ಬರೆದಿದ್ದೆ.

ಎರಡು ಸಲ ಓದಿದರು. “ನಿನ್ನ ತಂಗಿ ಹಲ್ಲಿ ಸಿಕ್ಕಿಹಾಕ್ಕೊಳ್ದೆ ಇದ್ದಿದ್ರೆ ಈ ಕಾಗದ ಬರ್ತಿತ್ತಾ?”

“ಇಲ್ಲ” ಎಂದೆ. “ಅವಳು ಸಿಕ್ಕಿಹಾಕ್ಕೊಂಡಿದ್ದಕ್ಕೇ ಹುಡುಕಿದೆ. ಸಿಕ್ಕಿದ ಮೇಲೆ ನಿಮ್ಗೆ ಹೇಳ್ದೆ ಇರಕ್ಕಾಗಲ್ಲ.”

“ಸತ್ತೋನ್ನ ಎಬ್ಬಿಸ್ತೀಯಾ ಹಾಗಾದ್ರೆ?”

“ದಾಳ ಹಾಕಿ, ಮಾವ. ಅದು ನಿಮ್ದು. ಏನು ಬೀಳುತ್ತೋ ಅದನ್ನ ಬರೀತೀನಿ. ಬದುಕಿದ್ದ ಅಂತ ಬಿದ್ರೆ ಆರು ವರ್ಷ ಎಲ್ಲಿದ್ದ ಅಂತ ಕಥೆ ಕಟ್ಟೋದು ನನ್ನ ತಲೆನೋವು.”

ಅವರು ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟರು. ಅರ ಮತ್ತೆ ಕೈಗೆ ತಗೊಂಡರು. ನಾಳೆ ನೋಡೋಣ ಎಂದಷ್ಟೇ ಹೇಳಿದರು.

ಶನಿವಾರ ಮೂರಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಯಾವತ್ತೂ ಅರ್ಧ ಗಂಟೆ ತಡ ಅವರು. ನಾನು ಹೊಸ ತೀರ್ಪು ಓದಿದೆ, ಬಕೆಟ್ಟಿನ ಕಥೆ ಹೇಳಿದೆ, ಎಲ್ಲರನ್ನೂ ಒಬ್ಬೊಬ್ಬರಾಗಿ ಮಂಡಿಯೂರಿಸಿ ಕಾವಲುಗಾರನ ಗುಂಡಿಯ ಹಿಂದಿನಿಂದ ನೋಡಿಸಿದೆ. ಔಷಧಿ ಅಂಗಡಿಯವರು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು. ಎದ್ದು, ಪ್ಯಾಂಟಿನ ಮಂಡಿ ಒರೆಸಿಕೊಂಡು, ಪುಟ ಹದಿನಾಲ್ಕಕ್ಕೆ ಅಡ್ಡಗೆರೆ ಎಳೆಯಲು ತಮ್ಮ ಅಭ್ಯಂತರವಿಲ್ಲ ಎಂದರು. ಅವರ ಬಾಯಿಂದ ಅದು ದೊಡ್ಡ ಮಾತು.

ಮಾವ ಜೇಬಿನಿಂದ ಒಂದು ಕಪ್ಪು ದಾಳ ತೆಗೆದರು. ಬೂದಿಯ ದಾಳ. ಆರು ವರ್ಷದಿಂದ ನಾವು ಅದನ್ನು ಕಂಡಿರಲಿಲ್ಲ. ಅಂಗೈಯಲ್ಲಿ ಎರಡು ಸಲ ಕುಲುಕಿ ಬಿಟ್ಟರು. ಅದು ಬಾವಿಯನ್ನು ದಾಟಿ, ಬಿಸ್ಕತ್ತಿನ ತಟ್ಟೆಗೆ ತಾಗಿ ನಿಂತಿತು.

ನಾಲ್ಕು.

ಮಾವ ದಾಳದ ಮೇಲೆ ಬಗ್ಗಿ ಇನ್ನೊಮ್ಮೆ ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗತೊಡಗಿತು, ನಗು ಮೇಲಕ್ಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

“ಅಂದ್ರೆ ಸಾಯೋನೇ ಆಗಿದ್ದ, ಬಡ್ಡಿಮಗ” ಎಂದರು ಕಣ್ಣೊರೆಸಿಕೊಂಡು. “ಆರು ವರ್ಷ ನಿನ್ನ ಮೇಲೆ ಹಲ್ಲು ಕಡಿದಿದ್ದು ದಂಡ.”

ನಾನು ನೋಟುಬುಕ್ಕಿನಲ್ಲಿ ಬರೆದೆ: ಬೂದಿ, ದಾಳ ನಾಲ್ಕು, ಮರಣ ಸ್ಥಿರ. ಮಾವ ಅದರ ಕೆಳಗೆ ತಾವೇ ಸಹಿ ಹಾಕಿದರು.

ಇನ್ನು ಹಲ್ಲಿ. ಕಾವಲುಗಾರರ ದಾಳ ನನ್ನದು. ಬಾವಿಯ ಪಕ್ಕದವನಿಗೆ ಆರು ಬಿತ್ತು: ಅವನು ಬಗ್ಗಿ ನೀರು ಸೇದುತ್ತಿದ್ದಾನೆ. ಬಾಗಿಲಿನವನಿಗೆ ಹದಿನೇಳು. ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಕಂಬದ ಕಡೆಗೇ ನೋಡುತ್ತಿದ್ದಾನೆ. ದಾಟಿದರೆ ಕಂಡೇ ಕಾಣುತ್ತಾಳೆ.

ತಂಗಿ ತುಟಿ ಕಚ್ಚಿಕೊಂಡಳು. ವಾದ ಮಾಡಲಿಲ್ಲ. ನಾಯಿ ಎಷ್ಟು ದೂರದಲ್ಲಿದೆ ಎಂದು ಕೇಳಿದಳು. ಒಂದು ಸರದಿಯಷ್ಟು ಎಂದೆ. ಕಂಬ ಹತ್ತಬಹುದೇ ಎಂದಳು. ಕಂಬ ನುಣುಪು. ಹಸಿರು ಗುಂಡಿಯನ್ನು ಬೆರಳ ತುದಿಯಲ್ಲಿ ತಿರುಗಿಸುತ್ತ ಕೂತಳು.

“ತಗಡು ಎಲ್ಲಿದ್ದಾನೆ?” ಎಂದು ಮಾವ ಕೇಳಿದರು, ತಮ್ಮದೇ ಪಾತ್ರದ ಬಗ್ಗೆ, ಬೇರೆ ಯಾರದೋ ವಿಳಾಸ ಕೇಳುವವರಂತೆ.

ಬಾಗಿಲಿನ ಹೊರಗೆ ಮುಲಾಮಿನ ಜೊತೆ ಕುದುರೆ ಹಿಡಿದು ನಿಂತಿದ್ದಾನೆ ಎಂದೆ. ಬಾಗಿಲು ಕಬ್ಬಿಣದ್ದೇ ಎಂದು ಕೇಳಿದರು. ಹೌದು, ಒಳಗಿನಿಂದ ಅಗುಳಿ ಹಾಕಿಲ್ಲ, ಬರೀ ಮುಚ್ಚಿದೆ ಎಂದೆ. ಆಗ ಔಷಧಿ ಅಂಗಡಿಯವರು ಹೊಸ ತೀರ್ಪಿನ ಹಾಳೆಯನ್ನು ಎಳೆದುಕೊಂಡು, ಗಮನ ಎಲ್ಲಿದೆ ಎಂದಷ್ಟೇ ಇದೆ, ಅದನ್ನು ಯಾರೂ ಬೇರೆ ಕಡೆಗೆ ಸೆಳೆಯಬಾರದು ಎಂದು ಎಲ್ಲೂ ಬರೆದಿಲ್ಲ ಎಂದರು.

ಮಾವ ಎದೆ ಉಬ್ಬಿಸಿ ಕುರ್ಚಿಯಲ್ಲಿ ನೆಟ್ಟಗಾದರು. “ತಗಡು ಆ ಬಾಗಿಲಿಗೆ ತಲೆಯಿಂದ ಗುದ್ತಾನೆ. ಶಿರಸ್ತ್ರಾಣ ಸಮೇತ. ಗುದ್ದಿ, ಇಲ್ಲಿ ಬೀಗ ರಿಪೇರಿ ಮಾಡ್ಸೋದಿದ್ಯಾ ಅಂತ ಕೇಳ್ತಾನೆ.”

ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು ಏನು ಮಾಡುತ್ತಾನೆ ಎಂಬುದಕ್ಕೆ ದಾಳ ಬೇಕಾಗಿರಲಿಲ್ಲ. ಹಾರಿ ಬಿದ್ದು ಹಿಂತಿರುಗಿದ. ಬಾಗಿಲನ್ನು ಒಳಕ್ಕೆಳೆದು, ಬಿಲ್ಲು ಹೆದೆಯೇರಿಸಿ ಹೊಸ್ತಿಲು ದಾಟಿದ. ಇಬ್ಬರ ಗಮನವೂ ಈಗ ಬೇರೆ ಕಡೆ. ಹಲ್ಲಿಗೆ ದಾಳ ಸಲ್ಲುತ್ತದೆ ಎಂದೆ. ಹನ್ನೆರಡು, ಅಥವಾ ಮೇಲೆ.

ತಂಗಿ ತಕ್ಷಣ ಹಾಕಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಮಂಡಿಯೂರಿ, ಗಲ್ಲವನ್ನು ಮೇಜಿನ ಅಂಚಿಗಿಟ್ಟು, ಹಲ್ಲಿಯ ಜಾಗದಿಂದ ಬಾಗಿಲಿನವರೆಗೆ ನೋಡಿದಳು. ಅವಳನ್ನು ನೋಡಿ ಮಾವನೂ ಇಳಿದರು, ಮೊಣಕಾಲು ಎರಡು ಸಲ ಸದ್ದು ಮಾಡಿತು. ಔಷಧಿ ಅಂಗಡಿಯವರು ಇಳಿದರು. ನಾನು ಆಗಲೇ ಕೆಳಗಿದ್ದೆ. ನಾಲ್ಕು ಗಲ್ಲ, ನಾಲ್ಕು ಕಡೆ. ಆ ಎತ್ತರದಿಂದ ಬಾಗಿಲಿನವರೆಗಿನ ಹನ್ನೆರಡು ಹೆಜ್ಜೆ ನಿಜಕ್ಕೂ ದೂರವೇ ಇತ್ತು.

ದಾಳ ಉರುಳಿತು. ಕಂಬದ ಗುರುತಿನ ಮೇಲೆ ತಿರುಗಿತು. ಕಣ್ಣು ಅದರ ಮಟ್ಟದಲ್ಲಿ ಇದ್ದುದರಿಂದ ಮೇಲಿನ ಮುಖ ಯಾರಿಗೂ ಕಾಣಲಿಲ್ಲ. ಎಲ್ಲರೂ ಒಟ್ಟಿಗೆ ತಲೆಯೆತ್ತಬೇಕಾಯಿತು.

ಹದಿಮೂರು.

ತಂಗಿ ಹಸಿರು ಗುಂಡಿಯನ್ನು ಒಂದೊಂದೇ ಚೌಕ ಜರುಗಿಸಿ, ಬಾವಿಯ ಬಳಿ ನೀರು ಸೇದುತ್ತಿದ್ದವನ ಬೆನ್ನ ಹಿಂದಿನಿಂದ, ಹೊಸ್ತಿಲಲ್ಲಿ ಕೂಗಾಡುತ್ತಿದ್ದವನ ಪಕ್ಕದಿಂದ, ಹಾಳೆಯ ಆಚೆಗೆ ದಾಟಿಸಿದಳು. ದಾಟಿಸಿದ ಮೇಲೆ ಅದನ್ನು ಮುಷ್ಟಿಯೊಳಗೆ ಇಟ್ಟುಕೊಂಡು ನೆಲದ ಮೇಲೆಯೇ ಕೂತುಬಿಟ್ಟಳು. ನಿಯಮಕ್ಕೆ ಬದುಕಿದಳು ಎಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ತಗಡು ಹೊರಗೆ ಕಾವಲುಗಾರನ ಜೊತೆ ಬೀಗದ ಬಗ್ಗೆ ಇನ್ನೂ ವಿಚಾರಿಸುತ್ತಲೇ ಇದ್ದ, ಅದಕ್ಕೊಂದು ಬಾಣವನ್ನೂ ತಿಂದ. ಮುಲಾಮು ಹಚ್ಚಿದ ಮೇಲೆ ಸರಿಹೋಯಿತು.

ಟೀ ಬಂತು. ಮಾವ ಕಪ್ಪು ದಾಳವನ್ನು ಜೇಬಿಗೆ ಹಾಕಲಿಲ್ಲ. ಲೋಟದ ಪಕ್ಕದಲ್ಲೇ ಇಟ್ಟುಕೊಂಡು ಬೆರಳಿನಿಂದ ಅತ್ತಿತ್ತ ದೂಡುತ್ತಿದ್ದರು.

“ಬೂದಿಗೊಬ್ಬ ತಮ್ಮ ಇದ್ದ” ಎಂದರು.

“ಯಾವಾಗಿಂದ?” ಎಂದಳು ತಂಗಿ.

“ಮೊದಲಿಂದಾನೂ. ಅದೇ ಉಗ್ರಾಣದಲ್ಲಿ, ಪಕ್ಕದ ಮೂಟೆ ಹಿಂದೆ.” ಮಾವ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲೇ ಬಾಯಿಗಿಟ್ಟುಕೊಂಡರು. “ಆರು ವರ್ಷ ಆಯ್ತು, ಯಾರ ಗಮನಕ್ಕೂ ಬಂದಿಲ್ಲ ನೋಡು.”

ನಾನು ನೋಟುಬುಕ್ಕು ತೆರೆದು ಖಾಲಿ ಪುಟ ಹುಡುಕಿದೆ.